ಲೆಕ್ಕಕ್ಕೆ ಬಾರದವರ ಆರೋಗ್ಯ

(ಸಂಘದ ವಾರ್ಷಿಕೋತ್ಸವದ ದಿನ ಹುಬ್ಬತಲೈಯಲ್ಲಿ ಆಡಿದ ಮಾತು. ಅವತ್ತು ಮಳೆ ಬಂದು ಅರ್ಧಕ್ಕೇ ಮುಗಿಸಬೇಕಾಯಿತು. ಹೇಳದೆ ಉಳಿದದ್ದನ್ನೂ ಸೇರಿಸಿ ಈ ಸ್ಮರಣ ಸಂಚಿಕೆಗೆ ಬರೆದು ಕೊಟ್ಟಿದ್ದೇನೆ.)



"ಆರೋಗ್ಯದ ಬಗ್ಗೆ ಹತ್ತು ನಿಮಿಷ ಮಾತಾಡಮ್ಮ" ಅಂತ ಕಾರ್ಯದರ್ಶಿ ಅಣ್ಣ ಕೇಳಿದಾಗ ನನಗೆ ಹೆದರಿಕೆ ಆಯಿತು. ನಾನು ಡಾಕ್ಟರ್ ಓದ್ತಾ ಇಲ್ಲ, ನರ್ಸಿಂಗೂ ಓದ್ತಾ ಇಲ್ಲ. ಬಿ.ಎ. ಓದೋ ಹುಡುಗಿ. ಯಾವ ಕಾಯಿಲೆಗೆ ಯಾವ ಮಾತ್ರೆ ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಆದರೆ ನಮ್ಮಜ್ಜಿ ಯಾಕೆ ಹಾಸಿಗೆ ಹಿಡಿದರು ಅನ್ನೋದು ಗೊತ್ತು. ಅಲ್ಲಿಂದಲೇ ಶುರು ಮಾಡ್ತೀನಿ.

ನಮ್ಮಜ್ಜಿಯ ಅಪ್ಪ ಗುಂಡ್ಲುಪೇಟೆ ಕಡೆಯಿಂದ ತೋಟದ ಕೆಲಸಕ್ಕೆ ಘಟ್ಟ ಹತ್ತಿ ಬಂದವರು. ಇಲ್ಲಿ ಕೂತಿರೋ ಎಷ್ಟೋ ಮನೆಗಳ ಕಥೆ ಇದೇ. ಅಜ್ಜಿ ಮೂವತ್ತು ವರ್ಷಕ್ಕೂ ಮೇಲೆ ಟೀ ಎಲೆ ಕಿತ್ತರು. ಒಂದು ಸಲ ಯಾವುದೋ ಕ್ಯಾಂಪಲ್ಲಿ ನೋಡಿ, ಬಿ.ಪಿ. ಇದೆ ಅಂತ ಹೇಳಿ ಮಾತ್ರೆ ಕೊಟ್ಟರು. ಒಂದು ತಿಂಗಳು ನುಂಗಿದರು, ಆಮೇಲೆ ಬಿಟ್ಟುಬಿಟ್ಟರು. "ಯಾಕಜ್ಜಿ, ಸರ್ಕಾರದೋರು ಮಾತ್ರೆ ಬಿಟ್ಟಿ ಕೊಡ್ತಾರಲ್ಲ?" ಅಂತ ನಾನು ಕೇಳಿದ್ದೆ. ಅವರು ಹೇಳಿದ ಮಾತು ಇನ್ನೂ ನನ್ನ ಕಿವೀಲಿದೆ: "ಮಾತ್ರೆ ಬಿಟ್ಟಿ ಕನವ್ವ. ಹೋಗಿ ಬರೋದು ಬಿಟ್ಟಿ ಅಲ್ಲ."

ನಮ್ಮ ಮನೆಯಿಂದ ರಸ್ತೆಗೆ 118 ಮೆಟ್ಟಿಲು. ಅದನ್ನ ಹತ್ತಿ, ಬಸ್ಸಿಗೆ ಕಾದು, ಆಸ್ಪತ್ರೆಯಲ್ಲಿ ಸಾಲು ನಿಂತು, ವಾಪಸ್ ಬರೋಷ್ಟರಲ್ಲಿ ಆ ದಿನದ ಕೂಲಿ ಹೋಗಿರುತ್ತೆ. ಬಿ.ಪಿ. ನೋವು ಕೊಡೋ ಕಾಯಿಲೆಯೂ ಅಲ್ಲ. ನೋವಿಲ್ಲದ ಕಾಯಿಲೆಗೆ ಒಂದು ದಿನದ ಕೂಲಿ ಬಿಡೋರು ಯಾರು?

2019ರ ಜುಲೈ, ಗಾಳಿಮಳೆಯ ದಿನ. ಸಂಜೆ ಅಜ್ಜಿ "ಬಲಗೈ ಜೋಮು ಹಿಡಿದಂಗೆ ಆಯ್ತದೆ" ಅಂದರು. ಚಳಿಗೆ ಅಂದ್ಕೊಂಡು ನಾವು ಎಣ್ಣೆ ಕಾಯಿಸಿ ತಿಕ್ಕಿದೆವು. ರಾತ್ರಿ ಹತ್ತು ಗಂಟೆ ಹೊತ್ತಿಗೆ ಬಾಯಿ ಒಂದು ಕಡೆ ಎಳೆದಿತ್ತು, ಮಾತು ತೊದಲ್ತಾ ಇತ್ತು. 108ಕ್ಕೆ ಫೋನ್ ಮಾಡಿದೆವು. ಗಾಡಿ ಬಂತು. ಬಂದದ್ದು ರಸ್ತೆ ಮುಗಿಯೋ ಜಾಗದವರೆಗೆ. ಅಲ್ಲಿಂದ ಕೆಳಗೆ 118 ಮೆಟ್ಟಿಲು, ಒಂದು ಲೈಟೂ ಇಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಜ್ಜಿಯನ್ನ ಕೂರಿಸಿ, ಸೀರೆಯಲ್ಲಿ ಕಟ್ಟಿ, ನಾಲ್ಕು ಜನ ಹೊತ್ತರು. ನಡುವೆ ಕಾಡೆಮ್ಮೆ ದಾರೀಲಿ ನಿಂತಿತ್ತು. ಅದು ಸರಿದು ಹೋಗೋವರೆಗೂ ಮಳೆಯಲ್ಲೇ ನಿಂತಿದ್ದೆವು. ಆ ನಾಲ್ಕು ಜನರಲ್ಲಿ ಇಬ್ಬರು ಇವತ್ತು ಈ ವೇದಿಕೆ ಮೇಲಿದ್ದಾರೆ. ಅವರ ಋಣ ನಮ್ಮ ಮನೆ ಮೇಲಿದೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಯಾವಾಗ ಶುರುವಾಯ್ತು?" ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನ ಕರಗಿಸೋ ಔಷಧಿ ಇದೆ. ಆದರೆ ಅದನ್ನ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾವು ಆ ಹೊತ್ತನ್ನೆಲ್ಲ ಎಣ್ಣೆ ತಿಕ್ಕೋದ್ರಲ್ಲಿ, ಮೆಟ್ಟಿಲು ಹತ್ತೋದ್ರಲ್ಲಿ ಕಳೆದಿದ್ದೆವು.

ನೋಡೋಕೆ ಬಂದ ನೆಂಟರು "ಹಣೆಬರಹ" ಅಂದರು. ನಾನೂ ಆಗ ಹಾಗೇ ಅಂದ್ಕೊಂಡೆ. ಕಾಲೇಜಿಗೆ ಹೋದ ಮೇಲೆ ಬೇರೆ ಥರ ಯೋಚನೆ ಬಂತು. ಅಜ್ಜಿ ಯಾಕೆ ಬಿದ್ದರು? ಮಾತ್ರೆ ಬಿಟ್ಟಿದ್ದಕ್ಕೆ. ಮಾತ್ರೆ ಯಾಕೆ ಬಿಟ್ಟರು? ಕೂಲಿ ಹೋಗುತ್ತೆ ಅಂತ. ಒಂದು ಮಾತ್ರೆಗೆ ಒಂದು ದಿನದ ಕೂಲಿ ಯಾಕೆ ಹೋಗಬೇಕು? ಮಾತ್ರೆ ಇರೋ ಜಾಗ ದೂರ. ತಡ ಯಾಕಾಯ್ತು? ಲಕ್ಷಣ ಏನು ಅಂತ ನಮಗೆ ಯಾರೂ ಹೇಳಿರಲಿಲ್ಲ, ಮೆಟ್ಟಿಲಿಗೆ ಲೈಟಿರಲಿಲ್ಲ. ಇದರಲ್ಲಿ ಹಣೆಯ ಮೇಲೆ ಬರೆದದ್ದು ಒಂದೂ ಇಲ್ಲ. ಎಲ್ಲಾ ಯಾವುದೋ ಫೈಲಲ್ಲಿ ಬರೆಯದೆ ಬಿಟ್ಟದ್ದು.

ಇವತ್ತು ನಾನು ಹೇಳಬೇಕು ಅಂತ ಬಂದಿರೋದು ಇಷ್ಟೇ. ಕಾಯಿಲೆ ಬಂದ ಮೇಲೆ ನೋಡೋದು ಡಾಕ್ಟರ ಕೆಲಸ. ಕಾಯಿಲೆ ಯಾರಿಗೆ ಬರುತ್ತೆ, ಯಾರಿಗೆ ಬರಲ್ಲ ಅನ್ನೋದನ್ನ ಮಾತ್ರ ನಲ್ಲಿ ಎಲ್ಲಿ ಹಾಕ್ತಾರೆ, ರಸ್ತೆ ಎಲ್ಲಿ ಮುಗೀತದೆ, ನರ್ಸಮ್ಮ ಯಾವ ಬೀದಿವರೆಗೆ ಬರ್ತಾರೆ ಅನ್ನೋದು ತೀರ್ಮಾನ ಮಾಡುತ್ತೆ. ಅದನ್ನ ಯೋಜನೆ ಅಂತಾರೆ. ಯೋಜನೆಗೆ ಲೆಕ್ಕ ಬೇಕು. ನಾವು ಆ ಲೆಕ್ಕದಲ್ಲಿ ಇದ್ದೀವಾ?

ಲೆಕ್ಕ ಅಂದಾಗ ಒಂದು ವಿಷಯ. ಸರ್ಕಾರದ ನಿಯಮದಲ್ಲಿ ಬಯಲು ಸೀಮೆಯಲ್ಲಿ 5,000 ಜನಕ್ಕೆ ಒಂದು ಆರೋಗ್ಯ ಉಪಕೇಂದ್ರ. ಬೆಟ್ಟಗಾಡಿನಲ್ಲಿ, ಆದಿವಾಸಿ ಪ್ರದೇಶದಲ್ಲಿ 3,000 ಜನಕ್ಕೇ ಒಂದು. ಪಿ.ಎಚ್.ಸಿ. ಬಯಲಲ್ಲಿ 30,000 ಜನಕ್ಕೆ, ಬೆಟ್ಟದಲ್ಲಿ 20,000 ಜನಕ್ಕೆ. ಯಾಕೆ ಈ ವ್ಯತ್ಯಾಸ? ಬೆಟ್ಟದಲ್ಲಿ ಒಂದು ಕಿಲೋಮೀಟರ್ ಅಂದರೆ ಬಯಲಿನ ಒಂದು ಕಿಲೋಮೀಟರ್ ಅಲ್ಲ ಅಂತ ಸರ್ಕಾರವೇ ಒಪ್ಪಿಕೊಂಡಿದೆ. ಎಲ್ಲರಿಗೂ ಒಂದೇ ಅಳತೆ ಕೊಡೋದು ಸಮಾನತೆ ಅನ್ನಿಸಬಹುದು. ಕಷ್ಟ ಹೆಚ್ಚಿರೋ ಕಡೆ ಹೆಚ್ಚು ಕೊಡೋದು ನ್ಯಾಯ. ಬೆಟ್ಟಕ್ಕೆ ಒಪ್ಪಿದ ಈ ನ್ಯಾಯವನ್ನ ಬೆಟ್ಟದೊಳಗೇ ಕೆಳಗಡೆ ಇರೋ ಕಾಲೋನಿಗೂ ಒಪ್ಪಿ ಅಂತ ನಾವು ಕೇಳ್ತಾ ಇರೋದು.

ಇದು ನಮ್ಮ ಹಟ ಅಂತ ಯಾರಾದರೂ ಅಂದ್ಕೊಂಡರೆ ಒಂದು ಅಂಕಿ ಹೇಳ್ತೀನಿ. ವಿಶ್ವಸಂಸ್ಥೆಯ ಮಹಿಳಾ ವಿಭಾಗ 2018ರಲ್ಲಿ ಒಂದು ವರದಿ ತಂದಿತು. ತೀರಿಹೋದ ದಲಿತ ಹೆಂಗಸರ ಸರಾಸರಿ ವಯಸ್ಸು 39.5 ವರ್ಷ, ಮೇಲ್ಜಾತಿ ಹೆಂಗಸರದು 54.1 ವರ್ಷ ಅಂತ ಅದರಲ್ಲಿದೆ. ಹದಿನಾಲ್ಕೂವರೆ ವರ್ಷಕ್ಕೂ ಹೆಚ್ಚು ಅಂತರ. ಒಂದು ಮಗು ಹುಟ್ಟಿ ಒಂಬತ್ತನೇ ಕ್ಲಾಸಿಗೆ ಬರೋಷ್ಟು ಕಾಲ.

ಈಗ ನಮ್ಮ ಪಕ್ಕದ ಊರಿನ ಚರಿತ್ರೆ. ಕೂನೂರಿನ ಪಾಶ್ಚರ್ ಇನ್‌ಸ್ಟಿಟ್ಯೂಟ್ ಮುಂದೆ ನಾವೆಲ್ಲ ಬಸ್ಸಲ್ಲಿ ಹೋಗಿದ್ದೀವಿ. ಅದು 1907ರಲ್ಲಿ ಶುರುವಾಯಿತು. ಅದಕ್ಕೆ ಕೆಲವು ವರ್ಷ ಮೊದಲು ಒಬ್ಬ ಇಂಗ್ಲಿಷ್ ಹೆಣ್ಣುಮಗಳು ಹುಚ್ಚುನಾಯಿ ರೋಗಕ್ಕೆ ಬಲಿಯಾದಳು. ದಕ್ಷಿಣದಲ್ಲಿ ಆಗ ಅದಕ್ಕೆ ಚಿಕಿತ್ಸೆ ಇರಲಿಲ್ಲ. ಆ ಸಾವು ದೊಡ್ಡ ಸುದ್ದಿಯಾಯಿತು, ಅಮೆರಿಕದ ಒಬ್ಬ ಶ್ರೀಮಂತರ ದಾನದ ಹಣ ಬಂತು, ಸಂಸ್ಥೆ ಎದ್ದಿತು. ಅಲ್ಲಿ ತಯಾರಾದ ಲಸಿಕೆ ಆಮೇಲೆ ನಮ್ಮಂಥ ಲಕ್ಷಾಂತರ ಜನರನ್ನೂ ಉಳಿಸಿದೆ. ಅದಕ್ಕೆ ನಾವು ಕೃತಜ್ಞರಾಗಿರಬೇಕು. ಆದರೂ ನನ್ನ ಮನಸ್ಸಲ್ಲಿ ಒಂದು ಪ್ರಶ್ನೆ ಉಳಿಯುತ್ತೆ. ಅದಕ್ಕೆ ಮೊದಲೂ ತೋಟದಲ್ಲಿ ಕೂಲಿಗಳಿಗೆ ನಾಯಿ ಕಚ್ಚಿರಲಿಲ್ವಾ? ಕಚ್ಚಿರುತ್ತೆ. ಆ ಸಾವು ಯಾರ ಲೆಕ್ಕಕ್ಕೂ ಬರಲಿಲ್ಲ.

ಅದೇ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಅನ್ನೋ ವೈದ್ಯ ವಿಜ್ಞಾನಿ 1918ರಲ್ಲಿ ಆಹಾರದ ಸಂಶೋಧನೆ ಶುರು ಮಾಡಿದರು. ದೇಶದ ಬೇರೆ ಬೇರೆ ಕಡೆಯ ಜನ ತಿನ್ನೋ ಊಟವನ್ನ ಇಲಿಗಳಿಗೆ ಕೊಟ್ಟು ಅವು ಹೇಗೆ ಬೆಳೀತವೆ ಅಂತ ನೋಡಿದರು. ಗೋಧಿ, ಹಾಲು, ಬೇಳೆ, ತರಕಾರಿ ತಿಂದ ಇಲಿಗಳು ಚೆನ್ನಾಗಿ ಬೆಳೆದವು. ಬರೀ ಪಾಲಿಶ್ ಅಕ್ಕಿಯ ಮೇಲೆ ನಿಂತ ಬಡವರ ಊಟ ತಿಂದವು ಸೊರಗಿದವು. ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಯಿತು. ಇವತ್ತು ಅದೇ ರಾಷ್ಟ್ರೀಯ ಪೋಷಣಾ ಸಂಸ್ಥೆ. ಬಡವರ ತಟ್ಟೆಯಲ್ಲಿ ಏನು ಕಮ್ಮಿ ಅನ್ನೋದನ್ನ ನಮ್ಮ ಬೆಟ್ಟದ ಮೇಲೆ ಕೂತು ಕಂಡುಹಿಡಿದರು. ಅದು ಪುಸ್ತಕಕ್ಕೆ ಹೋಯಿತು. ನಮ್ಮ ತಟ್ಟೆಗೆ ಬರೋಕೆ ತುಂಬಾ ಕಾಲ ಬೇಕಾಯಿತು. ನಮ್ಮ ಹಿರಿಯರು ಕೆಳಗಿಂದ ತಂದಿದ್ದ ರಾಗಿಮುದ್ದೆ ಬಿಟ್ಟು ನಾವು ರೇಷನ್ ಅಕ್ಕಿಗೆ ಬಂದೆವು. 2023ರಲ್ಲಿ ತಮಿಳುನಾಡು ಸರ್ಕಾರ ನೀಲಗಿರಿ, ಧರ್ಮಪುರಿ ಈ ಎರಡು ಜಿಲ್ಲೆಗಳಲ್ಲಿ ಕಾರ್ಡಿಗೆ 2 ಕಿಲೋ ಅಕ್ಕಿ ಬದಲು ರಾಗಿ ಕೊಡೋಕೆ ಶುರು ಮಾಡಿತು. ಅಂಗಡಿಯಿಂದ ಆ ರಾಗಿ ತಂದ ದಿನ ಅಮ್ಮ ಅಂಬಲಿ ಕಾಯಿಸಿ ಅಜ್ಜಿಗೆ ಚಮಚದಲ್ಲಿ ಕುಡಿಸಿದರು. ಒಂದು ಸರ್ಕಾರಿ ಆದೇಶ ಮನೆಯ ಪಾತ್ರೆವರೆಗೆ ಬಂದು ತಲುಪೋದು ಅಂದರೆ ಇದು.

ಇನ್ನೊಂದು ಉದಾಹರಣೆ ಇನ್ನೂ ಹತ್ತಿರದ್ದು. 2021ರ ಆಗಸ್ಟ್ 5ರಂದು "ಮಕ್ಕಳೈ ತೇಡಿ ಮರುತ್ತುವಮ್" ಯೋಜನೆ ಕೃಷ್ಣಗಿರಿ ಜಿಲ್ಲೆಯಲ್ಲಿ ಶುರುವಾಯಿತು. ಜನರನ್ನ ಹುಡುಕಿಕೊಂಡು ಔಷಧಿ ಅಂತ ಅರ್ಥ. ಬಿ.ಪಿ., ಸಕ್ಕರೆ ಕಾಯಿಲೆ ಇರೋರ ಮನೆ ಬಾಗಿಲಿಗೇ ಮಾತ್ರೆ ಬರುತ್ತೆ. ಹಾಸಿಗೆ ಹಿಡಿದವರಿಗೆ ವ್ಯಾಯಾಮ ಹೇಳಿಕೊಡೋರು ಮನೆಗೇ ಬರ್ತಾರೆ. ಆ ಅಕ್ಕ ಮೊದಲ ಸಲ ಮೆಟ್ಟಿಲಿಳಿದು ನಮ್ಮನೆಗೆ ಬಂದಾಗ ಅಜ್ಜಿ ಮಾತಾಡೋ ಸ್ಥಿತಿಯಲ್ಲಿ ಇರಲಿಲ್ಲ. ಮಾತಾಡೋಕೆ ಆಗಿದ್ದರೆ ಏನು ಹೇಳ್ತಿದ್ರು ಅಂತ ನನಗೆ ಗೊತ್ತು. ಹೋಗಿ ಬರೋ ಖರ್ಚನ್ನೇ ಯೋಜನೆ ಮಾಡಿದವರು ಕಡೆಗೂ ಲೆಕ್ಕ ಹಾಕಿದರು. ನಮ್ಮಜ್ಜಿಗೆ ಅದು ಎರಡು ವರ್ಷ ತಡವಾಗಿತ್ತು. 2023ರ ಕೊನೆಯಲ್ಲಿ ಅಜ್ಜಿ ಹೋದರು. ಇಲ್ಲಿ ಕೂತಿರೋ ಅಜ್ಜಿಯರೇ, ನಿಮಗೆ ತಡ ಆಗಿಲ್ಲ. ಮನೆಗೆ ಬಂದ ಮಾತ್ರೆಯನ್ನ ಡಬ್ಬದಲ್ಲಿ ಇಡಬೇಡಿ, ನುಂಗಿ.

ಬಾಬಾಸಾಹೇಬರ ವಿಷಯಕ್ಕೆ ಬರ್ತೀನಿ. 1927ರ ಮಾರ್ಚ್ 20ರಂದು ಮಹಾಡದ ಚೌಡಾರ್ ಕೆರೆಯ ನೀರನ್ನ ಅವರು ಮುಟ್ಟಿದ್ದು ನಮಗೆಲ್ಲ ಗೊತ್ತು. ಎಷ್ಟೋ ಜನ ಗಮನಿಸದ ಒಂದು ಸಂಗತಿ ಇದೆ. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕು ಅಂತ ಬಾಂಬೆ ಶಾಸನಸಭೆ 1923ರಲ್ಲೇ ಠರಾವು ಮಾಡಿತ್ತು. ಮಹಾಡ ಪುರಸಭೆಯೂ 1924ರಲ್ಲಿ ಅದನ್ನ ಒಪ್ಪಿತ್ತು. ಕಾಗದದ ಮೇಲೆ ನೀರು ನಮ್ಮದಾಗಿತ್ತು, ಬೊಗಸೆಗೆ ಬಂದಿರಲಿಲ್ಲ. ಆ ಮೂರು ವರ್ಷದ ಅಂತರವನ್ನ ಅವರು ಸಾವಿರಾರು ಜನರ ಜೊತೆ ನಡೆದು ದಾಟಿದರು. ಕುಡಿಯೋ ನೀರಿಗಿಂತ ದೊಡ್ಡ ಆರೋಗ್ಯದ ವಿಷಯ ಯಾವುದಿದೆ? ಮಹಾಡ ನಮ್ಮ ಸ್ವಾಭಿಮಾನದ ಹೋರಾಟ ಮಾತ್ರ ಅಲ್ಲ, ಆರೋಗ್ಯದ ಹೋರಾಟವೂ ಹೌದು.

ನಮ್ಮ ಕೈಯಲ್ಲೂ ಕಾಗದ ಬೇಕಾದಷ್ಟಿದೆ. ಜನರ ಪೌಷ್ಟಿಕತೆ ಮತ್ತು ಆರೋಗ್ಯ ಹೆಚ್ಚಿಸೋದು ರಾಜ್ಯದ ಕರ್ತವ್ಯ ಅಂತ ಸಂವಿಧಾನದ 47ನೇ ವಿಧಿಯಲ್ಲಿದೆ. 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆ ನಮ್ಮ ರಾಜ್ಯದ್ದೇ. ಕುಡಿಯೋ ನೀರು, ಚರಂಡಿ, ಅಂಟುರೋಗ ಎಲ್ಲಾ ಅದರೊಳಗೆ ಬರುತ್ತೆ. ತೋಟದ ಕಾರ್ಮಿಕರಿಗೆ ನೀರು, ಮನೆ, ಚಿಕಿತ್ಸೆ ಒದಗಿಸಬೇಕು ಅಂತ 1951ರಲ್ಲೇ ಕಾನೂನು ಬಂತು. ಕಾಗದಕ್ಕೂ ಬೊಗಸೆಗೂ ನಡುವೆ ಇರೋ ದೂರವನ್ನ ಯಾರಾದರೂ ನಡೆಯಬೇಕು.

ಆಗುತ್ತಾ ಅಂತ ಕೇಳ್ತೀರಿ. ನಮ್ಮ ಜಿಲ್ಲೆಯಲ್ಲೇ ಆಗಿದೆ. ಗೂಡಲೂರಲ್ಲಿ ಪಣಿಯರು, ಬೆಟ್ಟಕುರುಂಬರು, ಮುಳ್ಳುಕುರುಂಬರು, ಕಾಟ್ಟುನಾಯಕರು ಇರೋ ಹಾಡಿಗಳಿಗೆ 1980ರ ದಶಕದ ಕೊನೆಯಲ್ಲಿ ಯುವ ಡಾಕ್ಟರ್ ದಂಪತಿ ಬಂದರು. ಅವರು ಮೊದಲು ಆಸ್ಪತ್ರೆ ಕಟ್ಟಲಿಲ್ಲ. ಹಾಡಿಯ ಜನರನ್ನೇ ಆರೋಗ್ಯ ಕಾರ್ಯಕರ್ತರಾಗಿ ತಯಾರು ಮಾಡಿದರು. ಗರ್ಭಿಣಿಯರು ಯಾರು, ಲಸಿಕೆ ಹಾಕದ ಮಕ್ಕಳು ಯಾರು ಅಂತ ಮನೆ ಮನೆಗೆ ಹೋಗಿ ನೋಡಿದ್ದು ಅವರೇ. ಆಮೇಲೆ 1990ರಲ್ಲಿ ಗೂಡಲೂರು ಆದಿವಾಸಿ ಆಸ್ಪತ್ರೆ ಬಂತು. ಅಲ್ಲಿ ನರ್ಸುಗಳಾಗಿ ದುಡಿದವರು ಆದಿವಾಸಿ ಹೆಣ್ಣುಮಕ್ಕಳು. ಮೊದಲು ಲೆಕ್ಕ, ಆಮೇಲೆ ಕಟ್ಟಡ. ಈ ಕ್ರಮವನ್ನ ನಾವು ಅವರಿಂದ ಕಲಿಯಬೇಕು.

1854ರಲ್ಲಿ ಲಂಡನ್ನಿನ ಒಂದು ಬಡಾವಣೆಗೆ ಕಾಲರಾ ಬಂತು. ಜಾನ್ ಸ್ನೋ ಅನ್ನೋ ಡಾಕ್ಟರ್ ಸಾವಾದ ಮನೆಗಳನ್ನ ಒಂದು ನಕ್ಷೆ ಮೇಲೆ ಗುರುತು ಹಾಕಿದರು. ಗುರುತುಗಳೆಲ್ಲ ಒಂದು ಬೋರಿನ ಸುತ್ತ ಗುಂಪಾಗಿದ್ದವು. ಅವರ ಮಾತಿನ ಮೇಲೆ ಆ ಬೋರಿನ ಹಿಡಿಯನ್ನ ಕಿತ್ತುಹಾಕಿದರು. ಕಾಲರಾದ ಕ್ರಿಮಿ ಯಾವುದು ಅಂತ ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಔಷಧಿ ಗೊತ್ತಿಲ್ಲದೆ ಇದ್ದರೂ ಸಾವು ಎಲ್ಲೆಲ್ಲಿ ಆಯಿತು ಅನ್ನೋ ಲೆಕ್ಕದಿಂದ ಕೆಲಸ ಆಯಿತು. ಅಂಥ ನಕ್ಷೆ ಬರೆಯೋಕೆ ಬಿ.ಎ. ಓದೋ ಹುಡುಗಿಗೂ ಆಗುತ್ತೆ, ಐ.ಟಿ.ಐ. ಓದೋ ತಮ್ಮನಿಗೂ ಆಗುತ್ತೆ.

ಹಾಗಾಗಿ ಸಂಘದ ಮುಂದೆ ನಾಲ್ಕು ಕೆಲಸ ಇಡ್ತೀನಿ.

ಒಂದು, ಮನೆ ಲೆಕ್ಕ. ಪ್ರತಿ ಮನೆಯಲ್ಲಿ ಎಷ್ಟು ಜನ, ಬಿ.ಪಿ. ಸಕ್ಕರೆ ಮಾತ್ರೆ ಯಾರಿಗೆ ಬೇಕು, ಯಾರಿಗೆ ಬರ್ತಾ ಇಲ್ಲ, ಬಸುರಿ ಬಾಣಂತಿ ಇದ್ದಾರಾ, ಸೌದೆ ಒಲೆಯ ಹೊಗೆಗೆ ಕೆಮ್ಮೋರು ಎಷ್ಟು, ಸದಾ ಸುಸ್ತು ಅನ್ನೋ ಹೆಣ್ಣುಮಕ್ಕಳು ಎಷ್ಟು. ಒಂದು ಷರತ್ತು ಇದೆ. ಹೇಳೋಕೆ ಇಷ್ಟ ಇಲ್ಲದವರನ್ನ ಬಲವಂತ ಮಾಡಬಾರದು. ಟಿ.ಬಿ., ಮನಸ್ಸಿನ ಕಾಯಿಲೆ ಇಂಥದ್ದನ್ನ ಟೀ ಅಂಗಡಿಯಲ್ಲಿ ಮಾತಾಡಬಾರದು. ಹೊರಗೆ ಕೊಡೋದು ಸಂಖ್ಯೆ ಮಾತ್ರ, ಹೆಸರಲ್ಲ.

ಎರಡು, ನಕ್ಷೆ. ನಲ್ಲಿ, ಮೆಟ್ಟಿಲು, ಲೈಟು ಇರೋ ಕಂಬ ಇಲ್ಲದ ಕಂಬ, ರಸ್ತೆ ಮುಗಿಯೋ ಜಾಗ, ಕಾಡೆಮ್ಮೆ ಓಡಾಡೋ ದಾರಿ, ಎಲ್ಲಾ ಒಂದೇ ಹಾಳೆಯಲ್ಲಿ.

ಮೂರು, ಗ್ರಾಮಸಭೆ. ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಅಂತ ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಆರು ಗ್ರಾಮಸಭೆ. ನಮ್ಮಲ್ಲಿ ಎಷ್ಟು ಜನ ಹೋಗ್ತೀವಿ? ಹೋದರೂ ಹಿಂದೆ ನಿಂತು ಬರ್ತೀವಿ. ಲೆಕ್ಕ, ನಕ್ಷೆ ಎರಡನ್ನೂ ತಮಿಳಲ್ಲಿ ಬರೆದು ಮನವಿ ಜೊತೆ ಕೊಡೋಣ. ಠರಾವು ಪುಸ್ತಕದಲ್ಲಿ ಅದನ್ನ ಬರೆಸೋಣ, ಕೊಟ್ಟಿದ್ದಕ್ಕೆ ರಸೀದಿ ತಗೊಳ್ಳೋಣ. ಮೊದಲ ಮನವಿ ದೊಡ್ಡದು ಬೇಡ. ಆ ಇಳಿಜಾರಲ್ಲಿ ರಸ್ತೆ ಆಗಲ್ಲ ಅಂತ ಅಂದರೆ ಬೇಡ. ಮೆಟ್ಟಿಲಿಗೆ ಕೈಹಿಡಿ ಕಂಬಿ, ನಾಲ್ಕು ಲೈಟು, ಕೆಳಗಿನ ಸಾಲಿಗೆ ಒಂದು ನಲ್ಲಿ. ಇದಕ್ಕೆ ಇಲ್ಲ ಅನ್ನೋದು ಕಷ್ಟ.

ನಾಲ್ಕು, ನಾವೇ ಮಾಡಬೇಕಾದದ್ದು. ಸಂಘದ ರೂಮಲ್ಲಿ ಒಂದು ಸ್ಟ್ರೆಚರ್, ಎರಡು ಒಳ್ಳೇ ಟಾರ್ಚ್, ಅದನ್ನ ಹೊರೋಕೆ ಗೊತ್ತಿರೋ ಆರು ಜನ. ಬಾಯಿ ಎಳೆದರೆ, ಕೈ ಬಿದ್ದರೆ, ಮಾತು ತೊದಲಿದರೆ ಎಣ್ಣೆ ತಿಕ್ಕಬೇಡಿ, ಗಡಿಯಾರ ನೋಡಿಕೊಂಡು 108ಕ್ಕೆ ಫೋನ್ ಮಾಡಿ ಅಂತ ಪ್ರತಿ ಮನೆಗೆ ಹೇಳೋದು.

ಕೊನೆಯದಾಗಿ ಒಂದು ಮಾತು. ಅಣ್ಣಂದಿರು ಬೇಜಾರು ಮಾಡ್ಕೋಬಾರದು. ಇವತ್ತಿನ ಮೈಕ್ ಸೆಟ್ಟು, ಫ್ಲೆಕ್ಸು, ಪಟಾಕಿ ಖರ್ಚನ್ನ ನಾನು ಕೇಳಿ ತಿಳ್ಕೊಂಡೆ. ಅದರಲ್ಲಿ ಸ್ವಲ್ಪ ಉಳಿಸಿದ್ದರೂ ಸ್ಟ್ರೆಚರ್ ಬರ್ತಿತ್ತು. ಕಾರ್ಯಕ್ರಮ ಮುಗಿದ ಮೇಲೆ ಟಾಸ್ಮಾಕ್ ಕಡೆ ಹೋಗೋ ದುಡ್ಡಿನ ಲೆಕ್ಕ ನಾನು ಕೇಳಲಿಲ್ಲ. ಅದು ನಿಮ್ಮ ಮನೆಯ ಹೆಂಗಸರಿಗೆ ಗೊತ್ತಿದೆ. ಸರ್ಕಾರದಿಂದ ನ್ಯಾಯ ಕೇಳೋ ನಾವು ನಮ್ಮ ಮೈಗೂ ನ್ಯಾಯ ಮಾಡಬೇಕಲ್ವಾ? ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದನ್ನ ಉಣ್ಣೋ ಅಮ್ಮನಿಗೂ ನ್ಯಾಯ ಮಾಡಬೇಕಲ್ವಾ?

ಒಂದು ನೋಟ್‌ಬುಕ್ ತಂದಿದೀನಿ. ಮೊದಲ ಹಾಳೆಯಲ್ಲಿ ನಮ್ಮ ಮನೆ ಲೆಕ್ಕ ಬರೆದಿದೀನಿ. ಅಮ್ಮನಿಗೆ ಬಿ.ಪಿ. ಇದೆ, ಮಾತ್ರೆ ಬರ್ತಾ ಇದೆ, ತಪ್ಪದೆ ನುಂಗ್ತಾ ಇದಾರೆ. ಎರಡನೇ ಹಾಳೆ ಖಾಲಿ ಇದೆ. ಬರೋ ಭಾನುವಾರದಿಂದ ನಾನು ನಿಮ್ಮ ಮನೆಗೆ ಬರ್ತೀನಿ. ಬಾಗಿಲು ತೆಗೀರಿ, ಒಂದು ಲೋಟ ಟೀ ಕೊಡಿ, ನಿಮ್ಮ ಮನೆಯ ಲೆಕ್ಕ ಹೇಳಿ.

ಜೈ ಭೀಮ್.